ತವರಿನ ಬಾಗಿಲು: ಇತಿಹಾಸದ ನಾಲ್ವರು ತಂದೆಯರು



ನಮ್ಮ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಗಾಂಧೀಜಿ, ನೆಹರೂ, ಜಿನ್ನಾ ಇವರೆಲ್ಲ ಅಧಿವೇಶನಗಳಲ್ಲಿ, ಸೆರೆಮನೆಗಳಲ್ಲಿ, ಸಂಧಾನದ ಮೇಜಿನ ಸುತ್ತ ಕಾಣಿಸಿಕೊಳ್ಳುತ್ತಾರೆ. ಅವರೂ ಮಕ್ಕಳನ್ನು ಪಡೆದವರು, ಮಕ್ಕಳ ಮದುವೆಯ ವಿಷಯದಲ್ಲಿ ನಿದ್ದೆಗೆಟ್ಟವರು ಎಂಬ ಸಂಗತಿಗೆ ಪಠ್ಯದಲ್ಲಿ ಸ್ಥಳವಿಲ್ಲ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಅದನ್ನೆಲ್ಲ ಹೇಳಲು ಅವಕಾಶವೂ ಇರುತ್ತಿರಲಿಲ್ಲ.

ಇಂದು ಅದನ್ನು ಬರೆಯಲು ಕಾರಣವುಂಟು. ನನ್ನಲ್ಲಿ ಓದಿದವರ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಅನ್ಯಧರ್ಮದ ಹುಡುಗನನ್ನು ಮೆಚ್ಚಿದ ಮಗಳ ವಿಷಯ ತಿಳಿಸಿ, "ಏನು ಮಾಡಲಿ ಮೇಷ್ಟ್ರೇ?" ಎಂದು ಕೇಳಿದ ತಂದೆಯರಿದ್ದಾರೆ. "ಅಪ್ಪನಿಗೆ ನೀವೊಂದು ಮಾತು ಹೇಳಿ ಸಾರ್" ಎಂದು ಕೇಳಿಕೊಂಡ ಮಕ್ಕಳೂ ಇದ್ದಾರೆ. ಇತಿಹಾಸದ ಮೇಷ್ಟ್ರಾದ ನನಗೆ ತಿಳಿದ ದಾರಿ ಒಂದೇ: ಹಿಂದೆ ಇಂಥ ಸಂದರ್ಭದಲ್ಲಿ ಯಾರು ಹೇಗೆ ನಡೆದುಕೊಂಡರು, ಅದರಿಂದ ಏನಾಯಿತು ಎಂದು ನೋಡುವುದು.

ಮೊದಲು ಕಾಯಿದೆಯ ಮಾತು. ಬ್ರಿಟಿಷ್ ಭಾರತದಲ್ಲಿ ಭಿನ್ನ ಧರ್ಮಗಳ ಗಂಡುಹೆಣ್ಣು ವಿವಾಹವಾಗಲು ಇದ್ದ ಮುಖ್ಯ ದಾರಿ 1872ರ ವಿಶೇಷ ವಿವಾಹ ಕಾಯಿದೆ. ಕೇಶವಚಂದ್ರ ಸೇನರ ನೇತೃತ್ವದ ಬ್ರಾಹ್ಮಸಮಾಜದವರು ತಮ್ಮ ವಿವಾಹಗಳಿಗೆ ಕಾನೂನಿನ ಮನ್ನಣೆ ಬೇಕೆಂದು ಪಟ್ಟುಹಿಡಿದುದರ ಫಲವಾಗಿ ಅದು ಬಂದಿತು. ಆದರೆ ಅದರಲ್ಲಿ ಎರಡು ಕಠಿಣ ಷರತ್ತುಗಳಿದ್ದವು. ವಧೂವರರಿಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ ಮೊದಲಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಿತ್ತು. ಇಪ್ಪತ್ತೊಂದು ವರ್ಷ ತುಂಬದವರು ತಂದೆಯ ಅಥವಾ ಪೋಷಕರ ಒಪ್ಪಿಗೆಯನ್ನು ಪಡೆದಿರಬೇಕಿತ್ತು. ಅಂದರೆ ಮದುವೆಗಾಗಿ ಒಂದೋ ಧರ್ಮವನ್ನೇ ತೊರೆಯಬೇಕು, ಇಲ್ಲವೇ ಒಬ್ಬರು ಮತ್ತೊಬ್ಬರ ಧರ್ಮಕ್ಕೆ ಸೇರಬೇಕು. ಮೊದಲನೆಯ ಷರತ್ತನ್ನು ತೆಗೆಯಬೇಕೆಂದು ಭೂಪೇಂದ್ರನಾಥ ಬಸು ಅವರು ತಂದ ತಿದ್ದುಪಡಿಯನ್ನು 1912ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಬೆಂಬಲಿಸಿ ಮಾತನಾಡಿದವರಲ್ಲಿ ಮಹಮ್ಮದ್ ಅಲಿ ಜಿನ್ನಾ ಒಬ್ಬರು. ಆ ತಿದ್ದುಪಡಿ ಬಿದ್ದುಹೋಯಿತು.

ನಮ್ಮ ಮೊದಲನೆಯ ತಂದೆ ಮುಂಬಯಿಯ ಸರ್ ದಿನ್ಷಾ ಮಾಣೆಕ್‌ಜೀ ಪೆಟಿಟ್. ಬಟ್ಟೆಗಿರಣಿಗಳ ಪ್ರಸಿದ್ಧ ಪಾರ್ಸಿ ಮನೆತನದವರು. ಆರ್. ಡಿ. ಟಾಟಾ ಅವರು ಫ್ರೆಂಚ್ ಮಹಿಳೆಯೊಬ್ಬರನ್ನು ಮದುವೆಯಾಗಿದ್ದರು. ಆಕೆ ಜರತುಷ್ಟ್ರ ಧರ್ಮವನ್ನು ಸ್ವೀಕರಿಸಿದ್ದರು. ಹಾಗೆ ಹೊರಗಿನಿಂದ ಬಂದವರಿಗೆ ಪಾರ್ಸಿ ಸಮಾಜದಲ್ಲಿ ಸ್ಥಾನವಿದೆಯೇ ಎಂಬ ಪ್ರಶ್ನೆಯನ್ನೆತ್ತಿದ ಮೊಕದ್ದಮೆಯ ತೀರ್ಪು ಮುಂಬಯಿ ಉಚ್ಚ ನ್ಯಾಯಾಲಯದಿಂದ 1908ರಲ್ಲಿ ಬಂದಿತು. ಅದರ ವಾದಿಗಳ ಸಾಲಿನಲ್ಲಿ ಮೊದಲ ಹೆಸರು ಇದೇ ದಿನ್ಷಾ ಪೆಟಿಟರದು. ಅಂಥ ಸುಧಾರಕರ ಮನೆಗೆ ಜಿನ್ನಾ ಸ್ನೇಹಿತರಾಗಿ ಬಂದುಹೋಗುತ್ತಿದ್ದರು. 1916ರ ಬೇಸಗೆಯಲ್ಲಿ ಡಾರ್ಜಿಲಿಂಗಿನಲ್ಲಿ ಪೆಟಿಟರ ಅತಿಥಿಯಾಗಿದ್ದಾಗ ಜಿನ್ನಾ ಅವರಿಗೂ ಪೆಟಿಟರ ಮಗಳು ರತ್ತನ್‌ಬಾಯಿಗೂ ಒಲವು ಬೆಳೆಯಿತು. ಆಕೆಗೆ ಹದಿನಾರು, ಅವರಿಗೆ ಮೂವತ್ತೊಂಬತ್ತು ವರ್ಷ.

ಮುಂದಿನ ಪ್ರಸಂಗವನ್ನು ಎಂ. ಸಿ. ಛಾಗ್ಲಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಭಿನ್ನ ಸಮುದಾಯಗಳ ನಡುವಿನ ವಿವಾಹದ ಬಗ್ಗೆ ತಮ್ಮ ಅಭಿಪ್ರಾಯವೇನೆಂದು ಜಿನ್ನಾ ಕೇಳಿದರಂತೆ. ದೇಶದ ಐಕ್ಯಕ್ಕೆ ಅದು ಬಹಳ ಒಳ್ಳೆಯದೆಂದು ಪೆಟಿಟರು ಹೇಳಿದರಂತೆ. ಹಾಗಾದರೆ ತಮ್ಮ ಮಗಳನ್ನು ನನಗೆ ಕೊಡಿ ಎಂದು ಜಿನ್ನಾ ಕೇಳಿದ ಕೂಡಲೇ ಅವರು ಕೆರಳಿ ಕೆಂಡವಾದರಂತೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದರೂ ಪೆಟಿಟರ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಹದಿನಾರರ ಮಗಳು, ಅವಳ ಎರಡರಷ್ಟಕ್ಕೂ ಮಿಕ್ಕಿದ ವಯಸ್ಸಿನ ವರ! ಧರ್ಮ ಒಂದೇ ಆಗಿದ್ದರೂ ಯಾವ ತಂದೆಯೂ ತಲ್ಲಣಿಸುತ್ತಿದ್ದ.

ಪೆಟಿಟರು ನ್ಯಾಯಾಲಯಕ್ಕೆ ಹೋಗಿ, ಅಪ್ರಾಪ್ತ ವಯಸ್ಕಳಾದ ಮಗಳನ್ನು ಜಿನ್ನಾ ಭೇಟಿಯಾಗಕೂಡದೆಂದು ಆಜ್ಞೆ ತಂದರು. ಇಬ್ಬರೂ ಕಾದರು. 1918ರ ಫೆಬ್ರವರಿ 20ರಂದು ಆಕೆಗೆ ಹದಿನೆಂಟು ತುಂಬಿತು. ವಿಶೇಷ ವಿವಾಹ ಕಾಯಿದೆಯ ದಾರಿ ಹಿಡಿಯಬೇಕಾದರೆ ತಂದೆಯ ಒಪ್ಪಿಗೆ ಬೇಕು, ಅದು ಸಿಗುವಂತಿರಲಿಲ್ಲ. ಮುಸ್ಲಿಂ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾಗಿದ್ದ ಜಿನ್ನಾ ತಾನು ಮುಸ್ಲಿಮನಲ್ಲವೆಂದು ಘೋಷಿಸುವಂತೆಯೂ ಇರಲಿಲ್ಲ. ಏಪ್ರಿಲ್ 18ರಂದು ಆಕೆ ಇಸ್ಲಾಂ ಸ್ವೀಕರಿಸಿದಳು. ಮರುದಿನ ಮಲಬಾರ್ ಹಿಲ್ಲಿನ ಜಿನ್ನಾ ಅವರ ಮನೆಯಲ್ಲಿ ವಿವಾಹ ನಡೆಯಿತು. ಪಾರ್ಸಿ ಸಮಾಜ ಸಿಡಿದೆದ್ದಿತು. ತವರಿನ ಬಾಗಿಲು ಮುಚ್ಚಿತು.

ಆ ದಾಂಪತ್ಯ ಸುಖವಾಗಿ ಉಳಿಯಲಿಲ್ಲ. 1928ರ ವೇಳೆಗೆ ದಂಪತಿಗಳು ಬೇರೆಯಾದರು. ಆ ವರ್ಷ ಆಕೆ ಪ್ಯಾರಿಸ್ಸಿನಲ್ಲಿ ಕಾಯಿಲೆ ಬಿದ್ದಾಗ ಜೊತೆಗಿದ್ದವರು ತಾಯಿ, ಲೇಡಿ ಪೆಟಿಟ್. 1929ರ ಫೆಬ್ರವರಿ 20ರಂದು, ತನ್ನ ಇಪ್ಪತ್ತೊಂಬತ್ತನೆಯ ಹುಟ್ಟುಹಬ್ಬದ ದಿನವೇ, ಆಕೆ ತೀರಿಕೊಂಡಳು. ಈ ಕಥೆ ಹೇಳುವವರು ಸಾಮಾನ್ಯವಾಗಿ ಪ್ರೇಮಕ್ಕೂ ಮರಣಕ್ಕೂ ಹೆಚ್ಚು ಮಾತು ವಿನಿಯೋಗಿಸುತ್ತಾರೆ. ನನ್ನ ಮನಸ್ಸು ನಿಲ್ಲುವುದು ಪ್ಯಾರಿಸ್ಸಿನಲ್ಲಿ ಮಗಳ ಹಾಸಿಗೆಯ ಬಳಿ ಕುಳಿತ ಆ ತಾಯಿಯ ಹತ್ತಿರ.

ಎರಡನೆಯ ತಂದೆ ಗಾಂಧೀಜಿ. ಅವರ ಎರಡನೆಯ ಮಗ ಮಣಿಲಾಲ್ ದಕ್ಷಿಣ ಆಫ್ರಿಕಾದಲ್ಲಿದ್ದು 'ಇಂಡಿಯನ್ ಒಪಿನಿಯನ್' ಪತ್ರಿಕೆಯನ್ನು ನಡೆಸುತ್ತಿದ್ದರು. ಕೇಪ್‌ಟೌನಿನ ಗುಲ್ ಕುಟುಂಬ ಗಾಂಧೀಜಿಯವರಿಗೆ ಹಳೆಯ ಪರಿಚಯದ ಮುಸ್ಲಿಂ ಕುಟುಂಬ. ಆ ಮನೆಯ ಫಾತಿಮಾರನ್ನು ಮದುವೆಯಾಗುವ ಇಚ್ಛೆ ಮಣಿಲಾಲರಿಗಿತ್ತು. 1926ರಲ್ಲಿ ವಿಷಯ ತಂದೆಗೆ ತಿಳಿದಾಗ ಅವರು ಏಪ್ರಿಲ್ ತಿಂಗಳಲ್ಲಿ ದೀರ್ಘವಾದ ಪತ್ರ ಬರೆದರು. ಇಬ್ಬರೂ ತಂತಮ್ಮ ಧರ್ಮದಲ್ಲೇ ಉಳಿದರೆ ಸಂಸಾರ ಹೊಂದುವುದಿಲ್ಲ. ಮದುವೆಗಾಗಿ ಒಬ್ಬರು ಧರ್ಮ ಬದಲಿಸಿದರೆ ಅದು ಧರ್ಮವೇ ಅಲ್ಲ. ಹುಟ್ಟುವ ಮಕ್ಕಳು ಯಾವ ಧರ್ಮದಲ್ಲಿ ಬೆಳೆಯಬೇಕು? ಹಿಂದೂ ಮುಸ್ಲಿಂ ಬಾಂಧವ್ಯಕ್ಕೂ ಇದರಿಂದ ಹಾನಿ. ಕಸ್ತೂರಬಾ ಎಂದಿಗೂ ಒಪ್ಪಲಾರರು. ಇದು ಆ ಪತ್ರದ ಸಾರಾಂಶ. ಹಿಂದೂ ಮುಸ್ಲಿಂ ಐಕ್ಯವನ್ನು ತಮ್ಮ ಬಾಳಿನ ವ್ರತಗಳಲ್ಲಿ ಒಂದೆಂದು ಭಾವಿಸಿದ್ದ ಮಹಾತ್ಮರ ಮಾತು ಇದು! ಆಜ್ಞೆ ಮಾಡುತ್ತಿಲ್ಲ, ಸ್ನೇಹಿತನಾಗಿ ಸಲಹೆ ಕೊಡುತ್ತಿದ್ದೇನೆ ಎಂಬ ಧಾಟಿ ಆ ಪತ್ರದಲ್ಲಿತ್ತು. ಆದರೆ ಅಂಥ ತಂದೆಯ ಸಲಹೆಯ ಭಾರವೆಷ್ಟೆಂಬುದನ್ನು ಮಗನಾದವನೇ ಬಲ್ಲ.

ಮಣಿಲಾಲರಿಗೆ ಆಗ ಮೂವತ್ತಮೂರು ವರ್ಷ. ಯಾವ ಕಾಯಿದೆಯ ಪ್ರಕಾರವೂ ತಂದೆಯ ಅಪ್ಪಣೆ ಬೇಕಿರಲಿಲ್ಲ. ಆದರೂ ಅವರು ತಂದೆಯ ಮಾತಿಗೆ ತಲೆಬಾಗಿದರು. 1927ರ ಮಾರ್ಚಿನಲ್ಲಿ ಅಕೋಲಾದಲ್ಲಿ ಸುಶೀಲಾ ಮಶ್ರುವಾಲಾ ಅವರೊಡನೆ ಅವರ ವಿವಾಹವಾಯಿತು. 1956ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಪತ್ರಿಕೆಯನ್ನು ನಡೆಸಿದರು. ವಿಧೇಯತೆಯೂ ಒಂದು ದಾರಿಯೇ. ಆದರೆ ಆ ವಿಧೇಯತೆಯ ಬೆಲೆಯಲ್ಲಿ ಒಂದು ಪಾಲನ್ನು ಕೇಪ್‌ಟೌನಿನ ಒಬ್ಬ ಹೆಣ್ಣುಮಗಳೂ ತೆತ್ತಿರಬೇಕು ಎಂಬುದನ್ನು ನಾವು ಮರೆಯಲಾಗದು.

ಮೂರನೆಯ ತಂದೆ ಮತ್ತೆ ಜಿನ್ನಾ. ಈ ಸಲ ಅಳಿಯನ ಸ್ಥಾನದಲ್ಲಲ್ಲ, ಮಾವನ ಸ್ಥಾನದಲ್ಲಿ. ಅವರ ಒಬ್ಬಳೇ ಮಗಳು ದೀನಾ 1938ರಲ್ಲಿ ನೆವಿಲ್ ವಾಡಿಯಾ ಅವರನ್ನು ಮದುವೆಯಾಗಲು ನಿಶ್ಚಯಿಸಿದಳು. ನೆವಿಲ್ ಪಾರ್ಸಿ ಮೂಲದ ಗಿರಣಿ ಮನೆತನದವರು, ಕ್ರೈಸ್ತ ಧರ್ಮಕ್ಕೆ ಸೇರಿದವರು. ದೇಶದಲ್ಲಿ ಲಕ್ಷಾಂತರ ಮುಸ್ಲಿಂ ಹುಡುಗರಿರುವಾಗ ಇವನೇ ಬೇಕೇ ಎಂದು ತಂದೆ ಕೇಳಿದರೆಂದೂ, ಲಕ್ಷಾಂತರ ಮುಸ್ಲಿಂ ಹುಡುಗಿಯರಿದ್ದಾಗ ನೀವೇಕೆ ನನ್ನ ತಾಯಿಯನ್ನು ಮದುವೆಯಾದಿರಿ ಎಂದು ಮಗಳು ಮರುಪ್ರಶ್ನೆ ಹಾಕಿದಳೆಂದೂ ಛಾಗ್ಲಾ ಬರೆದಿದ್ದಾರೆ. ಇಪ್ಪತ್ತು ವರ್ಷಗಳ ಹಿಂದೆ ಪೆಟಿಟರಿಗೆ ತಾವು ಹಾಕಿದ ಪ್ರಶ್ನೆಯೇ ತಿರುಗಿ ಬಂದಂತಾಯಿತು. ದೀನಾ ತಾನು ನಿಶ್ಚಯಿಸಿದಂತೆಯೇ ಮುಂಬಯಿಯ ಚರ್ಚೊಂದರಲ್ಲಿ ಮದುವೆಯಾದಳು. ತಂದೆಮಗಳ ಸಂಬಂಧ ಹಳಸಿತು.

ಆದರೆ ಇಲ್ಲಿಗೇ ಮುಗಿಯಲಿಲ್ಲ. ಮದುವೆಯ ಮರುವರ್ಷ, 1939ರಲ್ಲಿ, ಜಿನ್ನಾ ಬರೆದ ಉಯಿಲಿನಲ್ಲಿ ಮಗಳಿಗಾಗಿ ಎರಡು ಲಕ್ಷ ರೂಪಾಯಿಗಳನ್ನು ತೆಗೆದಿರಿಸಿ, ಅದರ ಆದಾಯ ತಿಂಗಳಿಗೆ ಸುಮಾರು ಒಂದು ಸಾವಿರ ರೂಪಾಯಿ ಅವಳ ಜೀವಮಾನವಿಡೀ ಸಲ್ಲಬೇಕೆಂದು ಏರ್ಪಾಡು ಮಾಡಿದ್ದರು. ಬಾಯಲ್ಲಿ ಹೇಳಲಾಗದ್ದನ್ನು ಆ ತಂದೆ ವಕೀಲನ ಭಾಷೆಯಲ್ಲಿ ಬರೆದಿಟ್ಟರು. ದೀನಾ ಕೂಡ 1947ರಲ್ಲಿ ಅಕ್ಕರೆಯಿಂದಲೇ ತಂದೆಗೆ ಪತ್ರ ಬರೆದಳು. 1948ರ ಸೆಪ್ಟೆಂಬರಿನಲ್ಲಿ ತಂದೆಯ ಅಂತ್ಯಕ್ರಿಯೆಗೆ ಕರಾಚಿಗೆ ಹೋದಳು. ಎಷ್ಟೋ ಮನೆಗಳಲ್ಲಿ ಹೀಗೆಯೇ: ಪ್ರೀತಿ ಇಂಗಿರುವುದಿಲ್ಲ, ಅಭಿಮಾನ ಅಡ್ಡ ಬಂದಿರುತ್ತದೆ.

ನಾಲ್ಕನೆಯ ತಂದೆ ಜವಾಹರಲಾಲ್ ನೆಹರೂ. ಪಾರ್ಸಿ ಮನೆತನದ ಫಿರೋಜ್ ಗಾಂಧಿ ಅಲಹಾಬಾದಿನ ಆನಂದಭವನಕ್ಕೆ ಹೊಸಬರಲ್ಲ. ಕಮಲಾ ನೆಹರೂ ಅವರ ಅಸ್ವಸ್ಥತೆಯಲ್ಲಿ ಶುಶ್ರೂಷೆ ಮಾಡಿದವರು, ಅವರು 1936ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಕಣ್ಮುಚ್ಚಿದಾಗ ಹತ್ತಿರವೇ ಇದ್ದವರು. ಇಂದಿರಾ ತನ್ನ ನಿಶ್ಚಯವನ್ನು ತಿಳಿಸಿದಾಗ ನೆಹರೂ ಸಂತೋಷಪಡಲಿಲ್ಲ. ಮಗಳ ಆರೋಗ್ಯ, ಎರಡು ಮನೆತನಗಳ ಅಂತರ, ವರನ ಜೀವನೋಪಾಯ ಅವರ ಚಿಂತೆಯಾಗಿದ್ದವು. ಧರ್ಮ ಅಷ್ಟಾಗಿ ಅಲ್ಲ. ಅವರು ಬಾಗಿಲು ಮುಚ್ಚಲಿಲ್ಲ, ಗಾಂಧೀಜಿಯವರೊಡನೆ ಮಾತನಾಡು ಎಂದರು. ಇಂದಿರಾಗೆ ಇಪ್ಪತ್ತನಾಲ್ಕು ವರ್ಷ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಹೋಗಿ ಮಾತನಾಡಿದಳು, ತಂದೆ ಒಪ್ಪುವವರೆಗೂ ಕಾದಳು.

1942ರ ಫೆಬ್ರವರಿಯಲ್ಲಿ ಸುದ್ದಿ ಪತ್ರಿಕೆಗಳಿಗೆ ಸಿಕ್ಕಿತು. ಬೈಗುಳದ ಪತ್ರಗಳು ರಾಶಿ ರಾಶಿಯಾಗಿ ಬಂದವು. ಆಗ ನೆಹರೂ ಬಹಿರಂಗ ಹೇಳಿಕೆ ಕೊಟ್ಟರು: ಹೆತ್ತವರು ಸಲಹೆ ಕೊಡಬಹುದು, ಕೊಡಲೂಬೇಕು, ಆದರೆ ಅಂತಿಮ ನಿರ್ಧಾರ ಮದುವೆಯಾಗುವ ಇಬ್ಬರದೇ ಎಂಬುದು ಅದರ ತಾತ್ಪರ್ಯ. ಮಾರ್ಚ್ 8ರ 'ಹರಿಜನ' ಪತ್ರಿಕೆಯಲ್ಲಿ ಗಾಂಧೀಜಿಯೂ ಈ ವಿವಾಹವನ್ನು ಸಮರ್ಥಿಸಿದರು. ಮದುವೆಗಾಗಿ ಧರ್ಮ ಬದಲಿಸುವುದಕ್ಕೆ ಅವರ ವಿರೋಧ ಹಾಗೆಯೇ ಇತ್ತು. ಇಲ್ಲಿ ಯಾರೂ ಬದಲಿಸುತ್ತಿರಲಿಲ್ಲ. ಆದರೆ ಇಬ್ಬರೂ ತಂತಮ್ಮ ಧರ್ಮದಲ್ಲಿ ಉಳಿದು ಬಾಳಲಾಗದೆಂದು 1926ರಲ್ಲಿ ಸ್ವಂತ ಮಗನಿಗೆ ಬರೆದಿದ್ದವರು, ಹದಿನಾರು ವರ್ಷಗಳ ಬಳಿಕ ಸ್ನೇಹಿತನ ಮಗಳ ವಿಷಯದಲ್ಲಿ ಅದನ್ನು ಒಪ್ಪಿಕೊಂಡರು. ಮಹಾತ್ಮರಿಗೇ ಇಷ್ಟು ಕಾಲ ಹಿಡಿಯಿತೆಂದರೆ ನಮ್ಮ ನಿಮ್ಮ ಮನೆಯ ಹಿರಿಯರಿಗೆ ಕೆಲವು ವರ್ಷ ಬೇಕಾದರೆ ಆಶ್ಚರ್ಯವೇನು?

ಮಾರ್ಚ್ 26ರಂದು ಆನಂದಭವನದಲ್ಲಿ ವೈದಿಕ ಕ್ರಮದಲ್ಲಿ ವಿವಾಹ ನಡೆಯಿತು. ನೆಹರೂ ಸೆರೆಮನೆಯಲ್ಲಿ ನೂತ ನೂಲಿನಿಂದ ನೇಯ್ದ ಖಾದಿ ಸೀರೆಯನ್ನು ವಧು ಉಟ್ಟಿದ್ದಳು. ಆ ದಾಂಪತ್ಯದಲ್ಲೂ ಮುಂದೆ ಬಿರುಕುಗಳು ಮೂಡಿದವು. ಆಗ ಇಂದಿರಾ ತನ್ನ ಇಬ್ಬರು ಮಕ್ಕಳೊಡನೆ ತಂದೆಯ ಮನೆಯಲ್ಲೇ ಇದ್ದಳೆಂಬುದು ನಿಮಗೆಲ್ಲ ತಿಳಿದದ್ದೇ.

ಇಲ್ಲಿ ಒಬ್ಬ ತಂದೆ ನನ್ನನ್ನು ತಡೆದು, "ನೋಡಿ ಮೇಷ್ಟ್ರೇ, ನೀವು ಹೇಳಿದ ಮೂರು ಪ್ರೇಮವಿವಾಹಗಳಲ್ಲಿ ಒಂದೂ ನೆಟ್ಟಗಾಗಲಿಲ್ಲವಲ್ಲ!" ಎನ್ನಬಹುದು. ನಿಜ. ದೀನಾ ಮತ್ತು ನೆವಿಲ್ ಕೂಡ ಕೆಲವೇ ವರ್ಷಗಳಲ್ಲಿ ಬೇರೆಯಾದರು. ಆದರೆ ಈ ಬಿರುಕುಗಳಿಗೆ ಧರ್ಮವೇ ಕಾರಣವೆನ್ನಲು ಆಧಾರವಿಲ್ಲ. ವಯಸ್ಸಿನ ಅಂತರ, ಬಿಡುವಿಲ್ಲದ ರಾಜಕೀಯ, ಸ್ವಭಾವಗಳ ಭೇದ ಇವು ಜಾತಕ ಕೂಡಿಸಿ ಮಾಡಿದ ಮದುವೆಗಳನ್ನೂ ಮುರಿದಿವೆ. ಒಂದು ವೇಳೆ ಹೆತ್ತವರು ನುಡಿದ ಭವಿಷ್ಯವೇ ನಿಜವಾಯಿತೆನ್ನಿ. ಮಗಳು ಎಲ್ಲಿಗೆ ಹೋಗಬೇಕು? ತವರಿನ ಬಾಗಿಲು ತೆರೆದಿರಬೇಕಾದದ್ದು ಹೆತ್ತವರ ಎಣಿಕೆ ಸುಳ್ಳಾದಾಗ ಅಲ್ಲ, ನಿಜವಾದಾಗ. ನಾಲ್ವರು ತಂದೆಯರ ಈ ವೃತ್ತಾಂತದಿಂದ ನಾನು ಕಲಿತ ಮುಖ್ಯ ಪಾಠ ಇದೇ.

ಕಾಯಿದೆ ಈಗ ಬದಲಾಗಿದೆ. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಮಾತ್ರ ಸ್ವಲ್ಪ ಸಡಿಲಿಕೆ ಕೊಟ್ಟಿತ್ತು. 1954ರ ವಿಶೇಷ ವಿವಾಹ ಕಾಯಿದೆ ಎಲ್ಲರಿಗೂ ಅನ್ವಯಿಸುತ್ತದೆ. ಧರ್ಮ ತೊರೆಯಬೇಕಿಲ್ಲ, ಬದಲಿಸಬೇಕಿಲ್ಲ. ವರನಿಗೆ ಇಪ್ಪತ್ತೊಂದು, ವಧುವಿಗೆ ಹದಿನೆಂಟು ತುಂಬಿದ್ದರೆ ತಂದೆಯ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. ವಿವಾಹಾಧಿಕಾರಿಗೆ ಮೂವತ್ತು ದಿನಗಳ ನೋಟಿಸು, ಮೂವರು ಸಾಕ್ಷಿಗಳು, ಇಷ್ಟೇ. ವಯಸ್ಕರು ಇಚ್ಛಿಸಿದವರನ್ನು ವರಿಸಬಹುದು, ಒಪ್ಪದ ಹೆತ್ತವರು ಹೆಚ್ಚೆಂದರೆ ಸಂಬಂಧ ಕಡಿದುಕೊಳ್ಳಬಹುದೇ ಹೊರತು ಬೆದರಿಸುವಂತಿಲ್ಲ, ಹಿಂಸಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಇಷ್ಟಪಟ್ಟವರನ್ನು ಮದುವೆಯಾಗುವುದು ವಯಸ್ಕರ ಮೂಲಭೂತ ಹಕ್ಕೆಂದು 2020ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಹೇಳಿತು. ಆದರೆ ಕಾಯಿದೆ ಕೊಡಬಲ್ಲದ್ದು ಹಕ್ಕನ್ನು. ಹಬ್ಬದ ದಿನ ಊಟಕ್ಕೆ ಕರೆಯುವ ಅಮ್ಮನನ್ನು ಅದು ಕೊಡಲಾರದು.

ಆದಕಾರಣ ಮಕ್ಕಳಿಗೆ ನನ್ನ ಮಾತು. ಅಪ್ಪ ಅಮ್ಮ 'ಬೇಡ' ಎಂದ ದಿನವೇ ಅದನ್ನು ಕೊನೆಯ ಮಾತೆಂದು ತಿಳಿಯಬೇಡಿ. ಆ ವಿರೋಧದಲ್ಲಿ ಧರ್ಮವೆಷ್ಟು, ನೆಂಟರಿಷ್ಟರ ಭಯವೆಷ್ಟು, ನಿಮ್ಮ ಮುಂದಿನ ಬದುಕಿನ ಚಿಂತೆಯೆಷ್ಟು ಎಂದು ಬಿಡಿಸಿ ನೋಡಿ. ಒಂದೊಂದಕ್ಕೂ ಉತ್ತರ ಬೇರೆ. ಅವರು ಗೌರವಿಸುವ ಹಿರಿಯರೊಬ್ಬರನ್ನು, ಸೋದರಮಾವನೋ ದೊಡ್ಡಮ್ಮನೋ ಆಗಲಿ, ನಡುವೆ ಕರೆತನ್ನಿ. ನಿಮ್ಮ ಕಾಲ ಮೇಲೆ ನೀವು ನಿಲ್ಲಿ. ಹುಟ್ಟುವ ಮಕ್ಕಳ ಹೆಸರು, ಸಂಸ್ಕಾರ, ಹಬ್ಬಗಳ ವಿಷಯವನ್ನು ನೀವಿಬ್ಬರೂ ಮೊದಲೇ ಮಾತನಾಡಿಕೊಳ್ಳಿ. ಗಾಂಧೀಜಿ ಮಗನಿಗೆ ಹಾಕಿದ ಆ ಪ್ರಶ್ನೆ ಇಂದಿಗೂ ಪ್ರಶ್ನೆಯೇ. ಮದುವೆಯ ಬಳಿಕ ಉತ್ತರ ಬರದಿದ್ದರೂ ಪತ್ರ ಬರೆಯುತ್ತಿರಿ. ಮನೆಯಲ್ಲಿ ಪ್ರಾಣಭಯವೇ ಇದ್ದರೆ ಮಾತ್ರ ಕಾಯುತ್ತ ಕೂರಬೇಡಿ, ಕಾನೂನಿನ ರಕ್ಷಣೆ ಪಡೆಯಿರಿ.

ಹೆತ್ತವರಿಗೆ ಒಂದೇ ಮಾತು. ಒಪ್ಪಲಾಗದಿದ್ದರೆ ಒಪ್ಪಲಾಗದೆಂದು ಹೇಳಿ. ನಿಮಗೆ ಆ ಸ್ವಾತಂತ್ರ್ಯವುಂಟು. ಮದುವೆಗೆ ಹೋಗುವ ಮನಸ್ಸಾಗದಿದ್ದರೂ ಇರಲಿ. ಆದರೆ "ಇನ್ನು ನೀನು ನಮ್ಮ ಪಾಲಿಗೆ ಇಲ್ಲ" ಎಂಬ ಮಾತನ್ನು ಮಾತ್ರ ಆಡಬೇಡಿ. ಹಾಗೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಅಭಿಮಾನ ಬಿಡುವುದಿಲ್ಲ, ವರ್ಷಗಳು ಉರುಳಿಹೋಗುತ್ತವೆ. ದಿನ್ಷಾ ಪೆಟಿಟರ ಮಗಳು ಬದುಕಿದ್ದದ್ದು ಇಪ್ಪತ್ತೊಂಬತ್ತೇ ವರ್ಷ.

ಎಲ್ಲರಿಗೂ ಶುಭವಾಗಲಿ.