ಗೂಗಲ್ ಶೀಟ್ ತೆರೆದರೆ ಸಾಕು, ಜಿಮೇಲ್ ಹ್ಯಾಕ್ ಆಗುತ್ತದೆಯೇ?

ಚೀಟಿ ಲೆಕ್ಕವೋ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಪಟ್ಟಿಯೋ, ಗ್ರೂಪಿಗೆ ಒಂದು ಗೂಗಲ್ ಶೀಟ್ ಲಿಂಕ್ ಬರುತ್ತದೆ. ಕಂಪ್ಯೂಟರಿನಲ್ಲಿ ತೆರೆದರೆ ಮೇಲೆ 'ಹೆಲ್ಪ್' ಪಕ್ಕದಲ್ಲಿ 'ನಮ್ಮ ಲೆಕ್ಕ' ಎಂಬ ಹೊಸ ಮೆನು! ಅದರಲ್ಲಿ 'ಹೊಸ ಸಾಲು' ಒತ್ತಿದರೆ ಕರ್ಸರ್ ನೇರವಾಗಿ ಖಾಲಿ ಸಾಲಿಗೆ ಹೋಗಿ ನಿಲ್ಲುತ್ತದೆ. 'ತೆರೆಯಬೇಡಿ, ಇದು ಹ್ಯಾಕ್' ಎಂದು ಕೆಲವರು ಫಾರ್ವರ್ಡ್ ಮಾಡುತ್ತಾರೆ. 'ಬರೀ ಶೀಟ್ ತಾನೇ' ಎಂದು ಕೇಳಿದ್ದಕ್ಕೆಲ್ಲ 'ಅಲೋ' ಒತ್ತುವವರೂ ಇದ್ದಾರೆ. ಎರಡೂ ತಪ್ಪು.

ಈ ಮೆನುವಿನ ಹಿಂದಿರುವುದು ಆ್ಯಪ್ಸ್ ಸ್ಕ್ರಿಪ್ಟ್. ಜಾವಾಸ್ಕ್ರಿಪ್ಟ್ ಆಧರಿಸಿದ ಈ ಸೌಲಭ್ಯವನ್ನು ಗೂಗಲ್ 2009ರಲ್ಲಿ ತಂದಿತು. ಶೀಟ್ ತೆರೆದ ಕೂಡಲೇ 'ಆನ್‌ಓಪನ್' ಎಂಬ ಫಂಕ್ಷನ್ ತಾನಾಗಿ ಓಡಿ ಮೆನು ಸೇರಿಸುತ್ತದೆ. ಆದರೆ ನಿಮ್ಮ ಅನುಮತಿ ಬೇಕಾಗುವ ಯಾವ ಕೆಲಸವನ್ನೂ ಅದು ಮಾಡಲಾರದು. ಜಿಮೇಲ್ ಅದರ ಕೈಗೆ ಸಿಗುವುದಿಲ್ಲ. ನಿಮಗೆ ಬರೀ ನೋಡುವ ಹಕ್ಕಿದ್ದರೆ ಅದು ಓಡುವುದೂ ಇಲ್ಲ.

ಕರ್ಸರ್ ಜಿಗಿತವೂ ಮಾಯೆಯಲ್ಲ. ಕೊನೆಯ ತುಂಬಿದ ಸಾಲಿನ ಸಂಖ್ಯೆ ಕೇಳಿ, ಒಂದು ಕೂಡಿಸಿ, ಆ ಸೆಲ್ ಆಯ್ಕೆ ಮಾಡುತ್ತದೆ, ಅಷ್ಟೇ. (ಟಿಕ್ ಹಾಕದ ಚೆಕ್‌ಬಾಕ್ಸ್ ಕೂಡ ಲೆಕ್ಕಕ್ಕೆ 'ತುಂಬಿದ' ಸೆಲ್. ಅದನ್ನು 900ನೇ ಸಾಲಿನವರೆಗೆ ಎಳೆದಿಟ್ಟಿದ್ದರೆ ಕರ್ಸರ್ 901ಕ್ಕೆ ಹೋಗುತ್ತದೆ!)

ಎಚ್ಚರ ಬೇಕಾದದ್ದು ಮೆನು ಒತ್ತಿದ ಮೇಲೆ ಬರುವ ಅನುಮತಿ ಪರದೆಯಲ್ಲಿ. ಒಪ್ಪಿದರೆ ಸ್ಕ್ರಿಪ್ಟ್ ನಿಮ್ಮ ಹೆಸರಿನಲ್ಲೇ ಓಡುತ್ತದೆ. 'ಗೂಗಲ್ ಈ ಆ್ಯಪ್ ಪರಿಶೀಲಿಸಿಲ್ಲ' ಎಂಬ ಎಚ್ಚರಿಕೆ ನೀವೇ ಬರೆದ ಸ್ಕ್ರಿಪ್ಟಿಗೂ ಬರಬಹುದು, ಆದ್ದರಿಂದ ಅದೊಂದರಿಂದಲೇ ಮೋಸ ಎನ್ನಲಾಗದು. ಕೆಳಗಿನ ಪಟ್ಟಿ ಓದಿ. ಸಾಲು ಹುಡುಕುವ ಮೆನುವಿಗೆ ನಿಮ್ಮ ಮೇಲ್ ಓದುವ, ಕಳಿಸುವ ಅಧಿಕಾರ ಏಕೆ? ಅಂಥದ್ದು ಕಂಡರೆ ರದ್ದು ಮಾಡಿ. 'ನಿಮ್ಮ ಎಲ್ಲ ಶೀಟ್‌ಗಳನ್ನು ನೋಡು, ತಿದ್ದು, ಅಳಿಸು' ಎಂದಿದ್ದರೆ ಬರೆದವರು ಮಿತಿ ಹಾಕಲು ಮರೆತಿರಲೂಬಹುದು. ಪರಿಚಯವಿಲ್ಲದವರ ಶೀಟಾದರೆ ಒಪ್ಪಬೇಡಿ. ಶೀಟಿನ 'ಕಾಪಿ' ಮಾಡಿಕೊಂಡರೆ ಸ್ಕ್ರಿಪ್ಟ್ ಕೂಡ ಜೊತೆಗೇ ಬರುತ್ತದೆ ಎಂಬುದು ನೆನಪಿರಲಿ. ಕಂಪ್ಯೂಟರಿನಲ್ಲಿ 'ಎಕ್ಸ್‌ಟೆನ್ಷನ್ಸ್' ಮೆನುವಿನ 'ಆ್ಯಪ್ಸ್ ಸ್ಕ್ರಿಪ್ಟ್' ತೆರೆದು ಅದನ್ನು ನೋಡಬಹುದು.

ಮೊಬೈಲಿನ ಶೀಟ್ಸ್ ಆ್ಯಪ್‌ನಲ್ಲಿ ಈ ಮೆನು ಕಾಣಿಸುವುದೇ ಇಲ್ಲ. ಅದು ನಿಮ್ಮ ಫೋನಿನ ದೋಷವಲ್ಲ. 'ಮೆನು ಬರಲು ಈ ಆ್ಯಪ್ ಹಾಕಿಕೊಳ್ಳಿ' ಎಂದು ಯಾರಾದರೂ ಲಿಂಕ್ ಕಳಿಸಿದರೆ ಒತ್ತಬೇಡಿ. ಈಗಾಗಲೇ ಅನುಮತಿ ಕೊಟ್ಟಾಗಿದ್ದರೆ ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿಗೆ ಹೋಗಿ, ಆ ಹೆಸರು ಹುಡುಕಿ ತೆಗೆದುಹಾಕಬಹುದು.