ಖಂಡಗುಣನವೂ ಏಕವರ್ಣ ಸಮೀಕರಣವೂ

ಸೇರಿಗೆ ಒಂದು ರೂಪಾಯಿ ನಾಲ್ಕು ಆಣೆಯಂತೆ ಮೂರು ಸೇರು ತುಪ್ಪವನ್ನು ಕೊಂಡವನು ಅಂಗಡಿಯವನಿಗೆ ಎಷ್ಟು ಕೊಡಬೇಕೆಂದು ಕೇಳಿದರೆ, ಆಣೆಯ ಲೆಕ್ಕವು ನಡೆಯುತ್ತಿದ್ದ ಕಾಲದಲ್ಲಿ, ಅಂದರೆ 1957ರಲ್ಲಿ ದಶಮಾಂಶ ನಾಣ್ಯವು ಬರುವ ವರೆಗೆ, ಎಂಟು ಒಂಬತ್ತು ವರ್ಷದ ಹುಡುಗನೂ ಮೂರು ರೂಪಾಯಿ ಹನ್ನೆರಡು ಆಣೆಯೆಂದು ಹೇಳಿಬಿಡುತ್ತಿದ್ದನು. ಮೂರು ರೂಪಾಯಿ ನಾಲ್ಕಾಣೆಯನ್ನಿಟ್ಟು ಹೊರಟವನನ್ನು ಅಂಗಡಿಯವನು ಮೆಟ್ಟಿಲಿಳಿಯಗೊಡುತ್ತಿರಲಿಲ್ಲ. ರೂಪಾಯಿಯನ್ನೂ ಮೂರರಿಂದ ಗುಣಿಸಬೇಕು, ಆಣೆಯನ್ನೂ ಮೂರರಿಂದ ಗುಣಿಸಬೇಕು ಎಂಬುದನ್ನು ಆ ಹುಡುಗನಿಗೆ ಯಾರೂ ಸೂತ್ರರೂಪವಾಗಿ ಕಲಿಸಿರಲಿಲ್ಲ. ಆದರೆ ಅವನೇ ನಾಲ್ಕಾರು ವರ್ಷಗಳ ಮೇಲೆ ಬೀಜಗಣಿತದ ತರಗತಿಯಲ್ಲಿ ಕುಳಿತಾಗ, ಆವರಣದೊಳಗಿರುವ ‘ಎಕ್ಸ್ + 4’ ಎಂಬುದನ್ನು 3ರಿಂದ ಗುಣಿಸೆಂದರೆ, ‘3 ಎಕ್ಸ್ + 4’ ಎಂದು ಬರೆದು ತೋರಿಸುವನು. ಅಂಗಡಿಯಲ್ಲಿ ಎಂದೂ ಮಾಡದ ತಪ್ಪನ್ನು ಪಾಠಶಾಲೆಯಲ್ಲಿ ಮಾಡುವುದೇಕೆ? ಇದು ಹುಡುಗನ ಬುದ್ಧಿಯ ದೋಷವಲ್ಲ. ಅಂಕಗಣಿತವನ್ನೂ ಬೀಜಗಣಿತವನ್ನೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿದ್ಯೆಗಳೆಂಬಂತೆ ಕಲಿಸುವ ಕ್ರಮದ ದೋಷ. ಈ ದೇಶದ ಹಳೆಯ ಗಣಿತಗ್ರಂಥಗಳಲ್ಲಿ ಆ ಎರಡರ ನಡುವೆ ಇಂತಹ ಗೋಡೆಯಿರಲಿಲ್ಲ.

ಒಂದು ಮೊತ್ತವನ್ನು ಗುಣಿಸಬೇಕಾದಾಗ ಅದರ ಪ್ರತಿಯೊಂದು ಭಾಗವನ್ನೂ ಗುಣಿಸಿ ಕೂಡಿಸಬೇಕೆಂಬ ಈ ನಿಯಮಕ್ಕೆ ಈಗ ವಿತರಣ ನಿಯಮವೆಂದು ಹೆಸರು. ಹೆಸರು ಬಹಳ ಹೊಸದು. ಸೆರ್ವ್ವಾ ಎಂಬ ಫ್ರೆಂಚ್ ಪಂಡಿತನು 1814ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಮೊದಲು ಬಳಸಿದನು. ನಿಯಮವಾದರೋ ಬಹಳ ಹಳೆಯದು. ಕ್ರಿಸ್ತಪೂರ್ವ 300ರ ಸುಮಾರಿನ ಯವನ ಗಣಿತಜ್ಞನಾದ ಯೂಕ್ಲಿಡನು ತನ್ನ ಗ್ರಂಥದ ಎರಡನೆಯ ಭಾಗದ ಮೊದಲನೆಯ ಪ್ರಮೇಯದಲ್ಲಿಯೇ ಇದನ್ನು ಆಯತಕ್ಷೇತ್ರಗಳ ಮೂಲಕ ಸಾಧಿಸಿದ್ದಾನೆ: ಒಂದು ಹೊಲದ ಉದ್ದವನ್ನು ಎಷ್ಟು ತುಂಡುಮಾಡಿದರೂ, ತುಂಡುಗಳ ಕ್ಷೇತ್ರಫಲಗಳು ಕೂಡಿ ಹೊಲದ ಕ್ಷೇತ್ರಫಲವೇ ಆಗುವುದೆಂಬುದು ಅದರ ಭಾವ. ಯವನರು ರೇಖೆಯಲ್ಲಿ ಕಂಡುದನ್ನು ಭಾರತೀಯರು ಅಂಕದಲ್ಲಿ ಕಂಡರು.

ಬ್ರಹ್ಮಗುಪ್ತನು ಕ್ರಿ. ಶ. 628ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದನು. ಅದರ ಹನ್ನೆರಡನೆಯ ಅಧ್ಯಾಯದಲ್ಲಿ ಗುಣಾಕಾರದ ವಿಧಿಯೊಂದುಂಟು. ಗುಣಕಕ್ಕೆ ಎಷ್ಟು ಖಂಡಗಳಿವೆಯೋ ಅಷ್ಟು ಸಲ ಗುಣ್ಯವನ್ನು ಬರೆದುಕೊಂಡು, ಒಂದೊಂದನ್ನು ಒಂದೊಂದು ಖಂಡದಿಂದ ಗುಣಿಸಿ, ಬಂದುದನ್ನೆಲ್ಲ ಕೂಡಿಸಬೇಕು. 9ನೆಯ ಶತಮಾನದ ವ್ಯಾಖ್ಯಾನಕಾರನಾದ ಪೃಥೂದಕಸ್ವಾಮಿಯು ಇದಕ್ಕೆ 235ನ್ನು 288ರಿಂದ ಗುಣಿಸುವ ಉದಾಹರಣೆಯನ್ನು ಕೊಟ್ಟಿದ್ದಾನೆ. 288ನ್ನು 9, 8, 151, 120 ಎಂದು ಒಡೆದರೆ ಕ್ರಮವಾಗಿ 2115, 1880, 35485, 28200 ಬರುತ್ತವೆ; ಇವುಗಳ ಮೊತ್ತವು 67680. ಖಂಡಗಳು ಇಷ್ಟು ವಕ್ರವಾಗಿರುವುದನ್ನು ಕಂಡು ನಗಬಾರದು. ಹೇಗೆ ಒಡೆದರೂ ಫಲವು ಕೆಡುವುದಿಲ್ಲವೆಂಬುದನ್ನು ಶಿಷ್ಯನಿಗೆ ಮನಗಾಣಿಸಬೇಕಾದರೆ 200, 80, 8 ಎಂಬ ನೇರವಾದ ಖಂಡಗಳಿಗಿಂತ ಇಂತಹ ಖಂಡಗಳೇ ಮೇಲು.

ಈ ವಿಧಿಯ ಹೆಸರಿನ ವಿಷಯದಲ್ಲಿ ಒಂದು ಸಣ್ಣ ವಿವಾದವಿದೆ. ಬ್ರಹ್ಮಗುಪ್ತನನ್ನು ಇಂಗ್ಲಿಷಿಗೆ ತಂದ ಕೋಲ್‌ಬ್ರೂಕನು ‘ಗೋಸೂತ್ರಿಕಾ’ ಎಂದು ಓದಿ, ದನಗಳನ್ನು ಸಾಲಾಗಿ ಕಟ್ಟುವ ಹಗ್ಗದಂತೆ ಎಂದು ಅರ್ಥಮಾಡಿದನು. ‘ಗೋಮೂತ್ರಿಕಾ’ ಎಂಬುದು ಇನ್ನೊಂದು ಪಾಠ. ಚಿತ್ರಕಾವ್ಯದಲ್ಲಿ ಪರಿಚಯವುಳ್ಳವರಿಗೆ ಗೋಮೂತ್ರಿಕಾಬಂಧವು ಹೊಸದಲ್ಲ. ನಡೆಯುವ ಎತ್ತಿನ ಮೂತ್ರವು ಧೂಳಿನಲ್ಲಿ ಬಿಡಿಸುವ ಡೊಂಕುರೇಖೆಯ ಕ್ರಮವದು. ಅಂಕಗಳ ಸಾಲು ಓರೆಯಾಗಿ ಕೆಳಗಿಳಿಯುವ ರೀತಿಯನ್ನು ನೋಡಿದರೆ ಎರಡನೆಯ ಪಾಠವೇ ಸರಿಯೆಂದು ತೋರುತ್ತದೆ.

ಕನ್ನಡನಾಡಿಗೆ ಈ ಚರಿತ್ರೆಯಲ್ಲಿ ಸ್ಥಾನವಿಲ್ಲದೆ ಇಲ್ಲ. 9ನೆಯ ಶತಮಾನದಲ್ಲಿ ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಮಹಾವೀರನ ಲೆಕ್ಕಗಳಲ್ಲಿ ಒಂದು ಬಹು ಸೊಗಸಾದುದು. ಒಂಬತ್ತು ಮಾದಲಹಣ್ಣಿಗೂ ಏಳು ಬೇಲದಹಣ್ಣಿಗೂ ಕೂಡಿ ಬೆಲೆ 107. ಏಳು ಮಾದಲಹಣ್ಣಿಗೂ ಒಂಬತ್ತು ಬೇಲದಹಣ್ಣಿಗೂ ಕೂಡಿ 101. ಒಂದೊಂದರ ಬೆಲೆ ಎಷ್ಟು? ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಸಣ್ಣ ಬೆಲೆಯನ್ನು ಸಣ್ಣ ಸಂಖ್ಯೆಯಿಂದಲೂ ಗುಣಿಸಿ, ಅಂತರವನ್ನು ಸಂಖ್ಯೆಗಳ ವರ್ಗಾಂತರದಿಂದ ಭಾಗಿಸೆಂದು ಮಹಾವೀರನ ಸೂತ್ರ. ಸೂತ್ರವನ್ನು ಮರೆತವನಿಗೂ ಬೇರೆ ದಾರಿಯುಂಟು. ಎರಡು ಖರೀದಿಗಳನ್ನು ಕೂಡಿಸಿದರೆ ಹದಿನಾರು ಮಾದಲ, ಹದಿನಾರು ಬೇಲ, ಬೆಲೆ 208. ಹದಿನಾರು ಮಾದಲವೂ ಹದಿನಾರು ಬೇಲವೂ ಎಂದರೆ ಮಾದಲ ಬೇಲಗಳ ಹದಿನಾರು ಜೊತೆಗಳೆಂದೇ ಅರ್ಥ. ಆದುದರಿಂದ ಜೊತೆಗೆ 13. ಒಂದರಲ್ಲಿ ಇನ್ನೊಂದನ್ನು ಕಳೆದರೆ ಎರಡು ಮಾದಲದ ಬೆಲೆಯು ಎರಡು ಬೇಲದ ಬೆಲೆಗಿಂತ 6 ಹೆಚ್ಚು. ಒಂದಕ್ಕೆ 3 ಹೆಚ್ಚು. ಮಾದಲಕ್ಕೆ 8, ಬೇಲಕ್ಕೆ 5. ಇಲ್ಲಿ ನಡೆದುದು ಖಂಡಗುಣನದ ಹಿಮ್ಮುಖ ನಡೆ. ತುಪ್ಪದ ಲೆಕ್ಕದಲ್ಲಿ ಗುಣಕವು ಭಾಗಗಳಿಗೆ ಹಂಚಿಹೋಯಿತು. ಹಣ್ಣಿನ ಲೆಕ್ಕದಲ್ಲಿ ಹಂಚಿಹೋಗಿದ್ದ ಗುಣಕವನ್ನು ಮತ್ತೆ ಹೊರಗೆ ತೆಗೆದುದಾಯಿತು.

ಇನ್ನು ಭಾಸ್ಕರಾಚಾರ್ಯನು. ಶಕ 1036ರಲ್ಲಿ, ಅಂದರೆ 1114ರಲ್ಲಿ, ತಾನು ಹುಟ್ಟಿದುದಾಗಿಯೂ, ಸಹ್ಯಾದ್ರಿಯ ಬಳಿಯ ವಿಜ್ಜಡವಿಡವು ತನ್ನ ಊರೆಂದೂ, ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದುದಾಗಿಯೂ ಅವನೇ ಹೇಳಿದ್ದಾನೆ. ಆ ಊರು ನಮ್ಮ ವಿಜಾಪುರವೇ ಎಂದು ಕನ್ನಡಿಗರು ಅಭಿಮಾನದಿಂದ ಹೇಳುವುದುಂಟು. ಆದರೆ ಅವನ ವಂಶದವರ ಶಾಸನವು ದೊರೆತಿರುವುದು ಖಾನದೇಶದಲ್ಲಿ. ಅಭಿಮಾನವು ಶಾಸನವನ್ನು ಅಳಿಸಲಾರದು.

ಲೀಲಾವತಿಯಲ್ಲಿ ಅವನು 135ನ್ನು 12ರಿಂದ ಗುಣಿಸಲು ಹೇಳಿ, ಒಂದೇ ಲೆಕ್ಕವನ್ನು ಹಲವು ಬಗೆಯಾಗಿ ಮಾಡಿಸುತ್ತಾನೆ. 12ನ್ನು 8 ಮತ್ತು 4 ಎಂದು ಒಡೆದರೆ 1080 ಮತ್ತು 540, ಕೂಡಿ 1620. ಹತ್ತು ಮತ್ತು ಎರಡೆಂದು ಒಡೆದರೆ 1350 ಮತ್ತು 270, ಫಲವು ಅದೇ. ಇಷ್ಟಕ್ಕೆ ನಿಲ್ಲದೆ, 12ಕ್ಕೆ 8ನ್ನು ಕೂಡಿಸಿ 20ರಿಂದ ಗುಣಿಸು, 2700 ಬಂತು; ಅದರಲ್ಲಿ 8ರಿಂದ ಗುಣಿಸಿದ 1080ನ್ನು ಕಳೆ, 1620 ಎನ್ನುತ್ತಾನೆ. ಈ ಕಡೆಯ ಕ್ರಮವು ಬಾಲಕನ ಲೆಕ್ಕದಂತೆ ಕಂಡರೂ ಬಹಳ ಆಳವಾದುದು. ಖಂಡವು ಧನವೇ ಆಗಿರಬೇಕಾಗಿಲ್ಲ, ಋಣವೂ ಆಗಬಹುದು. ಋಣಖಂಡವನ್ನೂ ಗುಣ್ಯದಿಂದ ಗುಣಿಸಲೇಬೇಕು ಎಂಬುದು ಇಲ್ಲಿಯೇ ಮನಸ್ಸಿಗೆ ನಾಟುತ್ತದೆ. ಮಗ್ಗಿಯನ್ನು ಕಲಿತ ಮಗುವಿಗೆ ಇದರಲ್ಲಿ ತಿಳಿಯದುದೇನೂ ಇಲ್ಲ. ನೂರಕ್ಕೆ ಒಂದು ಕಡಮೆಯಾದ ತೊಂಬತ್ತೊಂಬತ್ತನ್ನು ಗುಣಿಸುವಾಗ ವ್ಯಾಪಾರಿಗಳು ಮಾಡುವುದು ಇದನ್ನೇ.

ಬೀಜಗಣಿತಕ್ಕೆ ಬಂದಾಗ ಭಾಸ್ಕರನು ಹೊಸ ನಿಯಮವನ್ನು ಹೇಳುವುದೇ ಇಲ್ಲ. ಗುಣಕದ ಖಂಡಗಳೆಷ್ಟೋ ಅಷ್ಟು ಕಡೆ ಗುಣ್ಯವನ್ನು ಬೇರೆಬೇರೆಯಾಗಿಟ್ಟು ಕ್ರಮವಾಗಿ ಗುಣಿಸಿ ಕೂಡಿಸಬೇಕು, ವ್ಯಕ್ತಗಣಿತದಲ್ಲಿ ಹೇಳಿದ ಖಂಡಗುಣನವಿಧಿಯನ್ನೇ ಅವ್ಯಕ್ತದ ಗುಣನದಲ್ಲಿಯೂ ಭಾವಿಸಿಕೊಳ್ಳಬೇಕು ಎಂದು ಒಂದೇ ಶ್ಲೋಕದಲ್ಲಿ ಮುಗಿಸಿಬಿಡುತ್ತಾನೆ. ಲೀಲಾವತಿಯನ್ನು ಓದಿ ಬಂದ ಶಿಷ್ಯನಿಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಿರಲಿಲ್ಲ. ಅವ್ಯಕ್ತರಾಶಿಗೆ ‘ಯಾವತ್ತಾವತ್’, ಅಂದರೆ ಎಷ್ಟೋ ಅಷ್ಟು, ಎಂದು ಹೆಸರು; ಬರೆಯುವಾಗ ಅದರ ಮೊದಲಕ್ಷರವಾದ ‘ಯಾ’. ತಿಳಿದ ಸಂಖ್ಯೆಗೆ ರೂಪವೆಂದು ಹೆಸರು, ಅದಕ್ಕೆ ‘ರೂ’. ಋಣಸಂಖ್ಯೆಯ ತಲೆಯ ಮೇಲೆ ಒಂದು ಬಿಂದು. ಎರಡನೆಯ ಅವ್ಯಕ್ತವೂ ಬಂದರೆ ಅದಕ್ಕೆ ಕಾಲಕ, ಮೂರನೆಯದಕ್ಕೆ ನೀಲಕ ಎಂದು ಬಣ್ಣಗಳ ಹೆಸರು. ಆದುದರಿಂದಲೇ ಒಂದು ಅವ್ಯಕ್ತವುಳ್ಳ ಸಮೀಕರಣವು ಏಕವರ್ಣ ಸಮೀಕರಣವೆನಿಸಿತು.

ಒಂದು ರೂಪ ಕಡಮೆಯಾದ ಐದು ಯಾವತ್ತಾವತ್ತನ್ನು ಎರಡು ರೂಪ ಹೆಚ್ಚಾದ ಮೂರು ಯಾವತ್ತಾವತ್ತಿನಿಂದ ಗುಣಿಸೆಂಬುದು ಭಾಸ್ಕರನ ಉದಾಹರಣೆ. ಗುಣಕದ ಖಂಡಗಳೆರಡು. ಮೂರು ಯಾವತ್ತಾವತ್ತಿನಿಂದ ಗುಣಿಸಿದರೆ ಯಾವತ್ತಾವದ್ವರ್ಗ 15, ಋಣ ಯಾ 3. ಎರಡು ರೂಪದಿಂದ ಗುಣಿಸಿದರೆ ಯಾ 10, ಋಣ ರೂ 2. ಕೂಡಿಸಿದರೆ ವರ್ಗ 15, ಯಾ 7, ಋಣ ರೂ 2. 135 ಮತ್ತು 12ರ ಲೆಕ್ಕಕ್ಕೂ ಇದಕ್ಕೂ ವಿಧಿಯಲ್ಲಿ ಕೂದಲೆಳೆಯಷ್ಟು ಭೇದವಿಲ್ಲ. ಭಾಸ್ಕರನಿಗಿಂತ ಮುನ್ನೂರು ವರ್ಷಗಳಷ್ಟು ಹಿಂದೆ ಬಾಗದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯೂ ಅವ್ಯಕ್ತದ ಗುಣನವನ್ನು ಬೋಧಿಸುವಾಗ ಹತ್ತು ಮತ್ತು ಒಂದನ್ನು ಹತ್ತು ಮತ್ತು ಎರಡರಿಂದ ಗುಣಿಸಿ ತೋರಿಸಿದ್ದಾನೆ. ಒಳ್ಳೆಯ ಉಪಾಧ್ಯಾಯರಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಉಪಾಯವು ಹೊಳೆದುದು ಆಶ್ಚರ್ಯವಲ್ಲ.

ಸಮೀಕರಣವನ್ನು ಬಿಡಿಸುವ ವಿಧಿಯ ಬೇರು ಇನ್ನೂ ಹಳೆಯದು. ಆರ್ಯಭಟನು 499ರಲ್ಲಿ ರಚಿಸಿದ ಆರ್ಯಭಟೀಯದ ಗಣಿತಪಾದದಲ್ಲಿ ಅವ್ಯಕ್ತಕ್ಕೆ ಗುಲಿಕೆಯೆಂದು ಹೆಸರಿಟ್ಟಿದ್ದಾನೆ. ಇಬ್ಬರಲ್ಲಿ ಒಬ್ಬೊಬ್ಬನ ಬಳಿಯೂ ಕೆಲವು ಗುಲಿಕೆಗಳೂ ಕೆಲವು ರೂಪಕಗಳೂ ಇದ್ದು, ಇಬ್ಬರ ಧನವೂ ಸಮವಾಗಿದ್ದರೆ, ರೂಪಕಗಳ ಅಂತರವನ್ನು ಗುಲಿಕೆಗಳ ಅಂತರದಿಂದ ಭಾಗಿಸಿದಾಗ ಗುಲಿಕೆಯ ಬೆಲೆ ಬರುವುದೆಂದು ಅವನ ಸೂತ್ರ. ಬ್ರಹ್ಮಗುಪ್ತನು ಇದನ್ನೇ ಇನ್ನೂ ಬಿಗಿದು ಹೇಳಿದನು. ಅವ್ಯಕ್ತದ ಅಂತರವನ್ನು ಯಾವ ಕಡೆಯಿಂದ ತೆಗೆದೆವೋ ಅದಕ್ಕೆ ವಿಪರೀತವಾಗಿ ರೂಪದ ಅಂತರವನ್ನು ತೆಗೆಯಬೇಕೆಂದು ಸೇರಿಸಿದನು. ಭಾಸ್ಕರನ ಕೈಯಲ್ಲಿ ಗುಲಿಕೆಯು ಕುದುರೆಯಾಯಿತು. ಒಬ್ಬನಲ್ಲಿ ಆರು ಕುದುರೆಗಳೂ ಮುನ್ನೂರು ರೂಪವೂ ಇವೆ, ಇನ್ನೊಬ್ಬನಲ್ಲಿ ಅದೇ ಬೆಲೆಯ ಹತ್ತು ಕುದುರೆಗಳಿವೆ, ಆದರೆ ನೂರು ರೂಪ ಸಾಲವಿದೆ, ಇಬ್ಬರೂ ಸಮಾನಧನಿಕರು. ಕುದುರೆಯ ಬೆಲೆ ಎಷ್ಟು? ಮೇಲಿನ ಸಾಲಿನಲ್ಲಿ ಯಾ 6 ರೂ 300 ಎಂದೂ, ಕೆಳಗಿನ ಸಾಲಿನಲ್ಲಿ ಯಾ 10 ಋಣ ರೂ 100 ಎಂದೂ ಎರಡು ಪಕ್ಷಗಳನ್ನು ಒಂದರ ಕೆಳಗೊಂದಾಗಿ ಬರೆಯಬೇಕು. ಎರಡು ಪಕ್ಷಗಳಿಂದಲೂ ಆರಾರು ಕುದುರೆಗಳನ್ನು ಕಳೆದರೆ ಕೆಳಗೆ ನಾಲ್ಕು ಉಳಿಯುತ್ತವೆ. ಎರಡಕ್ಕೂ ನೂರು ನೂರು ರೂಪವನ್ನು ಕೊಟ್ಟರೆ ಎರಡನೆಯವನ ಸಾಲ ತೀರುತ್ತದೆ, ಮೊದಲನೆಯವನಲ್ಲಿ ನಾನೂರಾಗುತ್ತದೆ. ನಾಲ್ಕು ಕುದುರೆಗೆ ನಾನೂರು; ಒಂದಕ್ಕೆ ನೂರು. ಪರೀಕ್ಷಿಸಿದರೆ ಇಬ್ಬರಿಗೂ ಒಂಬೈನೂರು ಧನ.

ಈ ಕ್ರಿಯೆಗೆ ಸಮಶೋಧನವೆಂದು ಹೆಸರು. ಸಮವಾದ ಎರಡು ಪಕ್ಷಗಳಿಗೆ ಸಮವಾದುದನ್ನು ಕೂಡಿಸಿದರೂ ಕಳೆದರೂ, ಸಮವಾದುದರಿಂದ ಗುಣಿಸಿದರೂ ಭಾಗಿಸಿದರೂ ಸಮತ್ವವು ಕೆಡುವುದಿಲ್ಲವೆಂದು 1600ರ ಸುಮಾರಿನಲ್ಲಿ ಬೀಜಗಣಿತಕ್ಕೆ ವ್ಯಾಖ್ಯಾನವನ್ನು ಬರೆದ ಕೃಷ್ಣದೈವಜ್ಞನು ಉಪಪತ್ತಿಯನ್ನು ಹೇಳಿದ್ದಾನೆ. ಈಗಿನ ತರಗತಿಗಳಲ್ಲಿ ಇದರ ಬದಲಿಗೆ ಪಕ್ಷಾಂತರವೆಂಬ ಸುಲಭೋಪಾಯವು ರೂಢಿಯಾಗಿದೆ. ಸಮಚಿಹ್ನೆಯನ್ನು ದಾಟಿದ ಸಂಖ್ಯೆಯ ಧನವು ಋಣವಾಗುತ್ತದೆ, ಋಣವು ಧನವಾಗುತ್ತದೆ ಎಂದು ಬಾಲಕನು ಕಂಠಪಾಠಮಾಡುವನು. ಹೊಳೆಯನ್ನು ದಾಟಿದೊಡನೆ ವೇಷ ಬದಲಾಯಿಸುವ ಮಾಯಾವಿಯಂತೆ ಅವನಿಗೆ ಅದು ತೋರುತ್ತದೆ. ಸಾಲ ತೀರಿದವನ ಕಥೆಯಲ್ಲಿ ಮಾಯೆಯೇನೂ ಇಲ್ಲ.

ಎರಡು ವಿಧಿಗಳೂ ಕೂಡುವ ಒಂದು ಲೆಕ್ಕವನ್ನು ಹಳೆಯ ರೀತಿಯಲ್ಲಿ ಮಾಡಿ ನೋಡಬಹುದು. ಒಂದು ರಾಶಿಗೆ 4ನ್ನು ಕೂಡಿಸಿ 3ರಿಂದ ಗುಣಿಸಿದರೂ, ಅದೇ ರಾಶಿಯಲ್ಲಿ 2ನ್ನು ಕಳೆದು 5ರಿಂದ ಗುಣಿಸಿದರೂ ಫಲವು ಒಂದೇ. ಖಂಡಗುಣನದಿಂದ ಒಂದು ಪಕ್ಷವು ಯಾ 3 ರೂ 12. ಇನ್ನೊಂದು ಯಾ 5 ಋಣ ರೂ 10. ಎರಡರಿಂದಲೂ ಮೂರು ಯಾವತ್ತಾವತ್ತನ್ನು ಕಳೆದು, ಎರಡಕ್ಕೂ ಹತ್ತು ರೂಪವನ್ನು ಕೂಡಿಸಿದರೆ, ಯಾ 2ಕ್ಕೆ ರೂ 22 ಸಮ. ರಾಶಿಯು 11. ಹದಿನೈದು ಮೂರಲೆ ನಲವತ್ತೈದು, ಒಂಬತ್ತೈದಲೆ ನಲವತ್ತೈದು. ತುಪ್ಪದಂಗಡಿಯ ನಾಲ್ಕಾಣೆಯಂತೆ ಇಲ್ಲಿಯೂ 4ನ್ನು ಗುಣಿಸದೆ ಬಿಟ್ಟವನಿಗೆ ಯಾ 2ಕ್ಕೆ ರೂ 14 ಸಮವಾಗಿ, ರಾಶಿಯು 7 ಎಂದು ಬರುವುದು; ಆಗ ಒಂದು ಪಕ್ಷಕ್ಕೆ 33, ಇನ್ನೊಂದಕ್ಕೆ 25. ಬಂದ ಉತ್ತರವನ್ನು ಹೀಗೆ ಪಕ್ಷಗಳಲ್ಲಿಟ್ಟು ನೋಡುವ ಅಭ್ಯಾಸವಿದ್ದರೆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ, ಉಪಾಧ್ಯಾಯನ ಬೆತ್ತಕ್ಕೆ ಕೆಲಸವಿರುವುದಿಲ್ಲ.

ಕೋಲ್‌ಬ್ರೂಕನು ಬ್ರಹ್ಮಗುಪ್ತನ ಗಣಿತಾಧ್ಯಾಯಗಳನ್ನೂ ಭಾಸ್ಕರನ ಲೀಲಾವತಿ ಬೀಜಗಣಿತಗಳನ್ನೂ ಒಂದೇ ಸಂಪುಟದಲ್ಲಿ ಇಂಗ್ಲಿಷಿಗೆ ತಂದು 1817ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಮಹಾವೀರನ ಗ್ರಂಥವನ್ನು ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಭಾಷಾಂತರದೊಡನೆ ಪ್ರಕಟಿಸಿದರು. ಎರಡೂ ಮುದ್ರಣಗಳು ಪಂಡಿತರ ಮೇಜನ್ನು ಸೇರಿದುವೇ ಹೊರತು ಬಾಲಕರ ಹಲಗೆಯನ್ನು ಸೇರಲಿಲ್ಲ. ಭಾಸ್ಕರನ ಗ್ರಂಥಗಳನ್ನು ಬೋಧಿಸುವುದಕ್ಕಾಗಿಯೇ ಹಿಂದೆ ಒಂದು ಮಠವಿದ್ದಿತು. ಅವನ ಮೊಮ್ಮಗನೂ ಯಾದವರಾಜ ಸಿಂಘಣನ ಆಸ್ಥಾನ ಜ್ಯೋತಿಷಿಯೂ ಆಗಿದ್ದ ಚಂಗದೇವನು ಖಾನದೇಶದ ಪಾಟಣದಲ್ಲಿ ಅದನ್ನು ಸ್ಥಾಪಿಸಿದನು. ಭಾಸ್ಕರನು ರಚಿಸಿದ ಗ್ರಂಥಗಳನ್ನೂ ಅವನ ವಂಶದವರು ರಚಿಸಿದ ಗ್ರಂಥಗಳನ್ನೂ ಅಲ್ಲಿ ತಪ್ಪದೆ ವ್ಯಾಖ್ಯಾನಿಸಬೇಕೆಂಬ ವಿಧಿಯೊಡನೆ ಆ ಮಠಕ್ಕೆ ದತ್ತಿಯನ್ನು ಬಿಟ್ಟುದನ್ನು 1207ರ ಶಿಲಾಶಾಸನವು ಹೇಳುತ್ತದೆ.