ಆಪತ್ತು-ಸಂಪತ್ತು (ಧಾರ್ಮಿಕ ಚಿಂತನೆಯಲ್ಲಿ)

ಸುಖದಲ್ಲಿ ಮರೆಯಾಗುವ ತಿಳಿವು ಕಷ್ಟದಲ್ಲಿ ಒದಗುತ್ತದೆಯೇ ಎಂಬ ಜಿಜ್ಞಾಸೆಯು ಭಾರತೀಯ ಭಕ್ತಿಪರಂಪರೆಯಲ್ಲಿ ಬಹು ಹಿಂದಿನಿಂದಲೂ ನಡೆದುಬಂದಿದೆ. ಭಾಗವತದ ಪ್ರಥಮ ಸ್ಕಂಧದಲ್ಲಿ ಕುಂತಿಯು, ಆಪತ್ತು ಬಂದಾಗಲೆಲ್ಲ ಕೃಷ್ಣನ ದರ್ಶನವಾಗುವುದರಿಂದ ಅದು ಮತ್ತೆ ಮತ್ತೆ ಬರಲಿ ಎಂದು ಬೇಡುತ್ತಾಳೆ. ಕುಲ, ಐಶ್ವರ್ಯ, ವಿದ್ಯೆ, ರೂಪಗಳಿಂದ ಹುಟ್ಟುವ ಮದವು ದೇವರನ್ನು ಕರೆಯುವ ಯೋಗ್ಯತೆಯನ್ನೇ ಕಳೆಯುತ್ತದೆಂಬುದು ಅವಳ ವಾದ.

ಕನ್ನಡದಲ್ಲಿ ಈ ವಿಚಾರವು ಅತ್ಯಂತ ತೀಕ್ಷ್ಣವಾಗಿ ಕಾಣಿಸಿಕೊಳ್ಳುವುದು ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ. ಅರಸನಾಗಿದ್ದಾಗ ಹರಿಶ್ಚಂದ್ರನು, ತನ್ನನ್ನು ವರಿಸಬಯಸಿದ ಅನಾಮಿಕ ಕನ್ಯೆಯರನ್ನು, ಎಂದರೆ ಅಸ್ಪೃಶ್ಯರೆನಿಸಿದ ಹೆಣ್ಣುಮಕ್ಕಳನ್ನು, ಅವರ ಹುಟ್ಟಿನ ಕಾರಣಕ್ಕಾಗಿಯೇ ನಿರಾಕರಿಸುತ್ತಾನೆ. ರಾಜ್ಯ ಹೋಗಿ, ಹೆಂಡತಿ ಚಂದ್ರಮತಿ ಮತ್ತು ಮಗ ಲೋಹಿತಾಶ್ವರನ್ನು ಮಾರಿದ ಮೇಲೆ, ಅದೇ ಅರಸನು ಕಾಶಿಯಲ್ಲಿ ಚಂಡಾಲನಾದ ವೀರಬಾಹುಕನಿಗೆ ಆಳಾಗಿ ಸ್ಮಶಾನವನ್ನು ಕಾಯುತ್ತಾನೆ. ಸಂಕಟವು ಇಲ್ಲಿ ಸತ್ಯದ ಪರೀಕ್ಷೆ ಮಾತ್ರವಲ್ಲ, ಸಂಪತ್ತು ಪೋಷಿಸಿದ ಕುಲಾಭಿಮಾನದ ಚಿಕಿತ್ಸೆಯೂ ಹೌದು. ಕಾವ್ಯದ ನಿಜವಾದ ಹಿರಿಮೆ ಇರುವುದು ಈ ಎರಡನೆಯ ಅಂಶದಲ್ಲಿಯೇ.

ಕುಮಟಾ ತಾಲ್ಲೂಕಿನ ಹೊಳನಗದ್ದೆಯಂಥ ಕರಾವಳಿಯ ಊರುಗಳಿಗೆ ಇಂಥ ಪುರಾಣಚಿಂತನೆಯನ್ನು ಓದು ಬಾರದವರಿಗೂ ತಲುಪಿಸಿದ್ದು ಯಕ್ಷಗಾನ ಮತ್ತು ತಾಳಮದ್ದಲೆ, ಅಂದರೆ ವೇಷ-ಕುಣಿತಗಳಿಲ್ಲದೆ ಹಾಡು ಮತ್ತು ಅರ್ಥಗಾರಿಕೆಯಿಂದ ಸಾಗುವ ಕೂಟ. ಇಂಥ ಯಕ್ಷಗಾನ ತಂಡಗಳಲ್ಲೊಂದಾದ, ನೆರೆಯ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ನೆಲೆಗೊಂಡಿರುವ ಕೆರೆಮನೆ ಮೇಳವು 1934ರಲ್ಲಿ ಸ್ಥಾಪಿತವಾಯಿತು.

ದುಃಖಕ್ಕೆ ಬೆಲೆ ಕೊಡುವ ಈ ಚಿಂತನೆಯನ್ನು ಬಡವರ ಬವಣೆಯ ಸಮರ್ಥನೆಗೆ ಬಳಸುವುದು ಸರ್ವಥಾ ತಪ್ಪು. ಕುಂತಿ ಆಪತ್ತನ್ನು ಬೇಡಿದ್ದು ತನಗಾಗಿ, ಪರರಿಗಾಗಿ ಅಲ್ಲ.